ಮಹಾಧಮನಿಗೆ ತಗಲುವ ರೋಗಾಣು
ಬಿಡದ ಜ್ವರವನ್ನು ಗುಳಿಗೆಯಿಂದ ಮುಚ್ಚುವುದು ತರವಲ್ಲ

ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮ್ಮವರು ಜ್ವರವನ್ನು ರಜೆ ಹಾಕತಕ್ಕ ಕಾಯಿಲೆಯೆಂದು ಎಣಿಸುವುದಿಲ್ಲ. ಹೋಟೆಲಿನ ಒಲೆಯ ಮುಂದೆ ನಿಲ್ಲುವ ಭಟ್ಟರಾಗಲಿ, ಗಲ್ಲೆಯ ಮೇಲೆ ಕುಳಿತವರಾಗಲಿ, ಕಚೇರಿಯ ಗುಮಾಸ್ತರಾಗಲಿ, ಮೈ ಬೆಚ್ಚಗಾದೊಡನೆ ಮೂಲೆಯ ಔಷಧದ ಅಂಗಡಿಗೆ ಹೋಗಿ, ಎರಡು ಬಗೆಯ ಗುಳಿಗೆಗಳನ್ನು ಕೇಳಿ ತಂದು, ನುಂಗಿ, ಪುನಃ ಕೆಲಸಕ್ಕೆ ನಿಲ್ಲುವುದು ವಾಡಿಕೆಯಾಗಿದೆ. ಬಹುಪಾಲು ಜ್ವರಗಳು ತಾವಾಗಿ ಬಂದು ತಾವಾಗಿ ಹೋಗುವುವೆಂಬುದೂ ನಿಜವೇ. ಆದರೆ ಗುಳಿಗೆ ನುಂಗಿದಾಗ ಅಡಗಿ, ಬಿಟ್ಟಾಗ ಮರಳುವ, ವಾರ ಕಳೆದರೂ ಬಿಡದ ಜ್ವರವೂ ಒಂದುಂಟು. ಅಂತಹ ಜ್ವರದ ಹಿಂದೆ ಕೆಲವೊಮ್ಮೆ ಎಷ್ಟು ದೊಡ್ಡ ಅಪಾಯ ಹೊಂಚು ಹಾಕಿರಬಹುದೆಂಬುದಕ್ಕೆ ಒಂದು ರೋಗವನ್ನು ನಿದರ್ಶನವಾಗಿ ತೆಗೆದುಕೊಂಡು ನಾವು ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇವೆ.

ಅದು ಮಹಾಧಮನಿಯ ಸೋಂಕು. ರೋಗ ವಿರಳವಾದುದು, ಜ್ವರ ಬಂದವರೆಲ್ಲರೂ ಇದನ್ನು ನೆನೆದು ಹೆದರಬೇಕಾಗಿಲ್ಲ. ಆದರೆ ಇದನ್ನು ಗುರುತಿಸುವುದರಲ್ಲಿ ತಡವಾದರೆ ಪ್ರಾಣಕ್ಕೆ ಎರವಾಗುತ್ತದೆ. ಸಕಾಲದಲ್ಲಿ ಗುರುತಿಸಿದರೆ ಬದುಕುವ ಹಾದಿಯುಂಟು. ಆ ಕಾಲವನ್ನು ಉಳಿಸುವುದಾಗಲಿ ಕಳೆಯುವುದಾಗಲಿ ಅನೇಕ ವೇಳೆ ರೋಗಿಯ ಮತ್ತು ಅವನ ಜತೆಗಾರರ ಕೈಯಲ್ಲಿಯೇ ಇರುತ್ತದೆ.

ದೇಹದ ಹಿರಿಯ ಕಾಲುವೆ

ಮಹಾಧಮನಿಯೆಂದರೆ ಹೃದಯದಿಂದ ಶುದ್ಧರಕ್ತವನ್ನು ಹೊತ್ತು ಹೊರಡುವ ಹಿರಿಯ ನಾಳ. ಹೃದಯದ ಎಡಭಾಗದ ಕೆಳಗಣ ಕೋಣೆಯಿಂದ ಹೊರಟು, ಸ್ವಲ್ಪ ಮೇಲಕ್ಕೇರಿ, ಊರುಗೋಲಿನ ಹಿಡಿಯಂತೆ ಬಾಗಿ, ಬೆನ್ನೆಲುಬನ್ನು ಅನುಸರಿಸಿ ಎದೆಯಿಂದ ಹೊಟ್ಟೆಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆದು ಕಾಲುಗಳ ಕಡೆಗೆ ಸಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಡ್ಡಳತೆ ಸುಮಾರು 2 ಸೆಂಟಿಮೀಟರು. ಎದೆಯಲ್ಲಿ ಅದಕ್ಕಿಂತ ತುಸು ಹೆಚ್ಚು. ಸುಮ್ಮನೆ ಕುಳಿತ ಮನುಷ್ಯನ ಹೃದಯವೂ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಈ ನಾಳಕ್ಕೆ ದೂಡುತ್ತಿರುತ್ತದೆ. ಅದರ ಗೋಡೆಗೆ ಮೂರು ಪದರಗಳು. ಒಳಪದರ ನುಣುಪಾದುದು, ನಡುವಣದು ಹಿಗ್ಗಿ ಕುಗ್ಗುವ ಬಲವುಳ್ಳದ್ದು, ಹೊರಗಣದು ನಾರಿನ ಹೊದಿಕೆ. ಈ ಗೋಡೆಗೆ ಆಹಾರ ಒದಗಿಸುವ ಕೂದಲಿನಂತಹ ಕಿರುನಾಳಗಳು ಹೊರಪದರದಲ್ಲಿ ಹರಡಿಕೊಂಡಿವೆ.

ನುಣುಪಾದ ಒಳಪದರದ ಮೇಲೆ ರಭಸದಿಂದ ರಕ್ತ ಹರಿಯುತ್ತಿರುವಾಗ ರೋಗಾಣುಗಳಿಗೆ ನೆಲೆ ಸಿಕ್ಕುವುದು ಸುಲಭವಲ್ಲ. ಆದುದರಿಂದಲೇ ಆರೋಗ್ಯವಂತನ ಮಹಾಧಮನಿಗೆ ಸೋಂಕು ತಗಲುವುದು ಅಪೂರ್ವ. ವಯಸ್ಸು, ಬೀಡಿ ಸಿಗರೇಟು, ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಇವುಗಳಿಂದ ಒಳಪದರದಲ್ಲಿ ಕೊಬ್ಬು ಮತ್ತು ಸುಣ್ಣ ಸೇರಿ ಗಂಟುಕಟ್ಟಿ, ಅಲ್ಲಲ್ಲಿ ಬಿರುಕು ಬಿಟ್ಟಾಗ ಕಥೆ ಬೇರೆಯಾಗುತ್ತದೆ. ಬಿರುಕುಬಿಟ್ಟ ಗೋಡೆಯಲ್ಲಿ ಅರಳಿಯ ಬೀಜ ಬೇರೂರುವಂತೆ, ರಕ್ತದಲ್ಲಿ ತೇಲಿಬಂದ ರೋಗಾಣು ಅಲ್ಲಿ ಬೇರೂರುತ್ತದೆ.

ರೋಗಾಣುಗಳು ಬರುವ ದಾರಿ ಇನ್ನೂ ಕೆಲವಿವೆ. ಹೃದಯದ ಕವಾಟಗಳಿಗೆ ಸೋಂಕು ತಗಲಿದ್ದರೆ ಅಲ್ಲಿಂದ ಕಳಚಿದ ಕಣಗಳು ಕಿರುನಾಳಗಳಲ್ಲಿ ಸಿಕ್ಕಿಕೊಂಡು ಗೋಡೆಯನ್ನು ಕೊಳೆಯಿಸಬಹುದು. ಬೆನ್ನೆಲುಬಿನ ಸೋಂಕು ಅಥವಾ ಎದೆಯೊಳಗಿನ ಗ್ರಂಥಿಗಳ ಕ್ಷಯರೋಗ ಪಕ್ಕದ ಮಹಾಧಮನಿಗೆ ಹಬ್ಬಬಹುದು. ಶುಚಿಯಿಲ್ಲದ ಸೂಜಿಯಿಂದಲೂ ರಕ್ತಕ್ಕೆ ವಿಷ ಸೇರಬಹುದು.

ಹೀಗೆ ನೆಲೆಯೂರಿದ ರೋಗಾಣುಗಳು ಗೋಡೆಯನ್ನು ತಿಂದು ಸಡಿಲಗೊಳಿಸುತ್ತವೆ. ಸಡಿಲಗೊಂಡ ಜಾಗ ರಕ್ತದ ಒತ್ತಡಕ್ಕೆ ಚೀಲದಂತೆ ಹೊರಕ್ಕೆ ಉಬ್ಬುತ್ತದೆ. ಸೈಕಲ್ಲಿನ ಟೈರು ಸವೆದೆಡೆಯಲ್ಲಿ ಒಳಗಿನ ಟ್ಯೂಬು ಹೊರಗೆ ಉಬ್ಬುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೋಂಕಿಲ್ಲದ ಉಬ್ಬು ವರ್ಷಗಳ ಕಾಲ ನಿಧಾನವಾಗಿ ಬೆಳೆಯಬಹುದು. ಸೋಂಕು ಹತ್ತಿದ ಉಬ್ಬು ವಾರಗಳಲ್ಲಿ, ಕೆಲವೊಮ್ಮೆ ದಿನಗಳಲ್ಲಿ, ದೊಡ್ಡದಾಗಿ ಒಡೆಯುತ್ತದೆ. ಒಡೆದರೆ ರಕ್ತವೆಲ್ಲ ಒಳಗೇ ಸುರಿದುಹೋಗುತ್ತದೆ.

ಹೆಸರಿನಲ್ಲಿಯೇ ಒಂದು ತಪ್ಪು

ಈ ಉಬ್ಬನ್ನು ವೈದ್ಯರು ಇಂದಿಗೂ ‘ಮೈಕಾಟಿಕ್ ಅನ್ಯೂರಿಸಂ’ ಎಂದು ಕರೆಯುವುದುಂಟು. ಮೈಕಾಟಿಕ್ ಎಂದರೆ ಶಿಲೀಂಧ್ರಕ್ಕೆ, ಅಂದರೆ ಅಣಬೆಯ ಜಾತಿಗೆ ಸಂಬಂಧಿಸಿದ್ದು. 1885ರಲ್ಲಿ ಕೆನಡಾ ಸಂಜಾತರಾದ ಡಾ. ವಿಲಿಯಂ ಆಸ್ಲರ್ ಅವರು ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ಹೃದಯದ ಕವಾಟಗಳ ಸೋಂಕನ್ನು ಕುರಿತು ಉಪನ್ಯಾಸಗಳನ್ನು ಮಾಡಿದಾಗ, ಅಂತಹ ಸೋಂಕಿನಿಂದ ತೀರಿಕೊಂಡ ರೋಗಿಯೊಬ್ಬನ ಮಹಾಧಮನಿಯ ಬಾಗಿನಲ್ಲಿ ತಾವು ಕಂಡ ಉಬ್ಬುಗಳಿಗೆ ಈ ಹೆಸರನ್ನಿತ್ತರು. ಅವುಗಳ ಆಕಾರ ಅಣಬೆಯ ಬೆಳೆಯನ್ನು ಹೋಲುತ್ತಿದ್ದುದೇ ಇದಕ್ಕೆ ಕಾರಣ. ಬಹುಪಾಲು ಸಂದರ್ಭಗಳಲ್ಲಿ ನಿಜವಾದ ಅಪರಾಧಿ ಬ್ಯಾಕ್ಟೀರಿಯಾ. ಶಿಲೀಂಧ್ರದಿಂದ ಆಗುವುದು ಬಲು ಕಡಿಮೆ. ಹೆಸರು ಮಾತ್ರ ನೂರು ವರ್ಷ ದಾಟಿಯೂ ಉಳಿದುಕೊಂಡಿದೆ.

ಆಸ್ಲರರ ಕಾಲದಲ್ಲಿ ಮಹಾಧಮನಿಯನ್ನು ಕೆಡಿಸುತ್ತಿದ್ದ ರೋಗಾಣುಗಳಲ್ಲಿ ಅಗ್ರಸ್ಥಾನ ಸಿಫಿಲಿಸ್‌ನದಾಗಿತ್ತು. ಸೋಂಕು ತಗಲಿ ಹತ್ತಿಪ್ಪತ್ತು ವರ್ಷಗಳ ಮೇಲೆ ಅದು ಎದೆಯೊಳಗಿನ ಮಹಾಧಮನಿಯನ್ನು ಉಬ್ಬಿಸುತ್ತಿತ್ತು. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ನನ್ನು 1943ರಲ್ಲಿ ಆ ರೋಗಕ್ಕೆ ಕೊಟ್ಟು ಗುಣ ಕಂಡ ಮೇಲೆ ಅದರ ಹಾವಳಿ ಬಹಳ ಮಟ್ಟಿಗೆ ತಗ್ಗಿತು. ಈಗ ಮುಂದೆ ನಿಂತಿರುವವು ಬೇರೆ ಎರಡು. ಒಂದು, ಹುಣ್ಣು ಕುರುಗಳಲ್ಲಿ ಕೀವು ತುಂಬಿಸುವ ಸ್ಟಾಫಿಲೊಕಾಕಸ್. ಇನ್ನೊಂದು, ಕೆಟ್ಟ ಆಹಾರದ ಮೂಲಕ ಹೊಟ್ಟೆ ಸೇರುವ ಸಾಲ್ಮೊನೆಲ್ಲಾ.

ಈ ಎರಡನೆಯದು ಹೋಟೆಲ್ ಕಸುಬಿನವರು ವಿಶೇಷವಾಗಿ ತಿಳಿದಿರತಕ್ಕ ಹೆಸರು. ವಿಷಮಶೀತಜ್ವರದ, ಅಂದರೆ ಟೈಫಾಯಿಡ್ಡಿನ ರೋಗಾಣು ಇದೇ ಕುಲದ್ದು. ಅದೇ ಕುಲದ ಬೇರೆ ಜಾತಿಗಳು ಮೊಟ್ಟೆ, ಮಾಂಸ, ಕಾಯಿಸದ ಹಾಲು, ಕೊಳಕು ನೀರು, ತೊಳೆಯದ ಕೈಗಳ ಮೂಲಕ ಬಂದು ವಾಂತಿಭೇದಿಯನ್ನುಂಟುಮಾಡುತ್ತವೆ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಎಲ್ಲವೂ ಮುಗಿಯುತ್ತದೆ. ಆದರೆ ಐವತ್ತು ದಾಟಿದ, ನಾಳಗಳಲ್ಲಿ ಕೊಬ್ಬು ಕಟ್ಟಿದ ಕೆಲವರಲ್ಲಿ ಈ ರೋಗಾಣು ಕರುಳಿನಿಂದ ರಕ್ತಕ್ಕೆ ದಾಟಿ ಮಹಾಧಮನಿಯ ಬಿರುಕಿನಲ್ಲಿ ನೆಲೆಸುತ್ತದೆ. ಭೇದಿ ನಿಂತ ಎಷ್ಟೋ ದಿನಗಳ ಮೇಲೆ ಜ್ವರವೂ ಬೆನ್ನುನೋವೂ ಕಾಣಿಸಿಕೊಂಡಾಗ ಆ ಹಳೆಯ ಭೇದಿಯ ನೆನಪು ಯಾರಿಗೂ ಆಗುವುದಿಲ್ಲ.

ಕರಾವಳಿಯ ಬಂಧುಗಳಿಗೆ ಇನ್ನೊಂದು ಹೆಸರನ್ನು ಹೇಳಬೇಕಾಗಿದೆ: ಮೆಲಿಯಾಯ್ಡೋಸಿಸ್. ಇದರ ರೋಗಾಣು ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ವಾಸಿಸುತ್ತದೆ. 1912ರಲ್ಲಿ ರಂಗೂನಿನಿಂದ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಈ ರೋಗವನ್ನು ಮೊದಲು ವರ್ಣಿಸಿದರು. ಥಾಯ್ಲೆಂಡಿನಲ್ಲಿ ಮಹಾಧಮನಿಯ ಸೋಂಕಿಗೆ ಇದೊಂದು ಗೊತ್ತಾದ ಕಾರಣ. ನಮ್ಮ ಉಡುಪಿ, ದಕ್ಷಿಣ ಕನ್ನಡಗಳಲ್ಲಿಯೂ ಮಳೆಗಾಲದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯುಳ್ಳವರಲ್ಲಿ, ಈ ರೋಗ ಕಂಡುಬರುತ್ತಿರುವುದನ್ನು ಮಣಿಪಾಲ, ಮಂಗಳೂರುಗಳ ವೈದ್ಯರು ವರದಿ ಮಾಡಿದ್ದಾರೆ. ಮಳೆಗಾಲಕ್ಕೆ ಊರಿಗೆ ಹೋಗಿ, ಗದ್ದೆಯ ಕೆಸರಿನಲ್ಲಿ ದುಡಿದು, ಮುಂಬಯಿಗೋ ಪುಣೆಗೋ ಮರಳಿದ ಮೇಲೆ ಜ್ವರ ಹಿಡಿದರೆ, ತಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂಬುದನ್ನು ಡಾಕ್ಟರಿಗೆ ಹೇಳಿಬಿಡುವುದು ಅವಶ್ಯ. ಪರಊರಿನ ಡಾಕ್ಟರಿಗೆ ನಮ್ಮ ಗದ್ದೆಯ ಸುದ್ದಿ ಕೇಳದೆ ತಿಳಿಯುವಂತಿಲ್ಲ.

ರೋಗ ತೋರುವ ಮುಖ

ಒಬ್ಬ ಐವತ್ತೆಂಟರ ಗೃಹಸ್ಥನನ್ನು ಊಹಿಸಿಕೊಳ್ಳೋಣ. ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದವನು, ಬೀಡಿಯ ಅಭ್ಯಾಸವುಂಟು, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನೆನಪಾದಾಗ ತೆಗೆದುಕೊಳ್ಳುತ್ತಾನೆ. ಹತ್ತು ದಿನಗಳಿಂದ ಸಂಜೆಯಾದೊಡನೆ ಚಳಿ, ಜ್ವರ. ಸೊಂಟದ ಮೇಲ್ಭಾಗದಲ್ಲಿ ಒಂದೇ ಸಮನೆ ನೋವು. ಮಗ್ಗುಲು ಬದಲಿಸಿದರೂ ತಗ್ಗದು. ಊಟ ಸೇರದು, ಮೈ ಇಳಿಯುತ್ತಿದೆ. ಚೀಲ ಹೊತ್ತದ್ದರಿಂದ ಬೆನ್ನು ಉಳುಕಿತೆಂದು ಜತೆಗಾರರು ಮುಲಾಮು ತಿಕ್ಕುತ್ತಾರೆ. ಒಬ್ಬ ಡಾಕ್ಟರು ಮೂತ್ರಕೋಶದ ಕಲ್ಲಿರಬಹುದೆನ್ನುತ್ತಾರೆ. ಇನ್ನೊಬ್ಬರು ಟೈಫಾಯಿಡ್ ಎನ್ನುತ್ತಾರೆ. ನಡುವೆ ಔಷಧದ ಅಂಗಡಿಯಿಂದ ತಂದ ಆಂಟಿಬಯಾಟಿಕ್ ಗುಳಿಗೆ ಮೂರು ದಿನ. ಜ್ವರ ಅಡಗುತ್ತದೆ, ಗುಣವಾಯಿತೆಂದು ಗುಳಿಗೆ ನಿಲ್ಲುತ್ತದೆ, ನಾಲ್ಕನೆಯ ದಿನ ಜ್ವರ ಮರಳುತ್ತದೆ.

ಈ ಚಿತ್ರದಲ್ಲಿ ನಾವು ಗಮನಿಸತಕ್ಕ ಅಂಶ, ಜ್ವರ ಮತ್ತು ನೋವು ಇವೆರಡರ ಜೋಡಿ. ಉಳುಕಿದ ಬೆನ್ನಿಗೆ ಜ್ವರ ಬರುವುದಿಲ್ಲ. ಮಹಾಧಮನಿಯ ಸೋಂಕು ಹೊಟ್ಟೆಯ ಭಾಗದಲ್ಲಿದ್ದರೆ ನೋವು ಬೆನ್ನಿನಲ್ಲಿ ಅಥವಾ ಹೊಟ್ಟೆಯಲ್ಲಿ. ಎದೆಯ ಭಾಗದಲ್ಲಿದ್ದರೆ ಎದೆಯಲ್ಲಿ ಅಥವಾ ಹೆಗಲುಗಳ ನಡುವೆ. ಬಾಗಿನ ಬಳಿ ಉಬ್ಬಿದ್ದರೆ ಸ್ವರದ ನರ ಒತ್ತಲ್ಪಟ್ಟು ದನಿ ಒಡೆಯಬಹುದು. ಹೊಟ್ಟೆಯ ಮೇಲೆ ಕೈಯಿಟ್ಟಾಗ ನಾಡಿಯಂತೆ ಮಿಡಿಯುವ ಗಂಟು ಕೆಲವರಲ್ಲಿ ಸಿಕ್ಕುತ್ತದೆ, ಸಿಕ್ಕದವರೂ ಬಹಳ. ಹಠಾತ್ತಾಗಿ ತಡೆಯಲಾರದ ನೋವೆದ್ದು, ಬೆವರು ಸುರಿದು, ತಲೆ ಸುತ್ತಿ ಬಿದ್ದರೆ ಉಬ್ಬು ಒಡೆಯುತ್ತಿದೆಯೆಂದೇ ಶಂಕಿಸಬೇಕು. ಆಗ ಗಳಿಗೆಯನ್ನೂ ಕಳೆಯದೆ 112ಕ್ಕೆ ಫೋನು ಮಾಡಿ, ಶಸ್ತ್ರಕ್ರಿಯೆಯ ಅನುಕೂಲವುಳ್ಳ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮೊದಲು ರಕ್ತ, ಆಮೇಲೆ ಗುಳಿಗೆ

ರೋಗನಿದಾನಕ್ಕೆ ಎರಡು ಕೀಲಿಗಳು ಬೇಕು. ಯಾವ ರೋಗಾಣು ಎಂಬುದು ಒಂದು. ಎಲ್ಲಿ ಕುಳಿತಿದೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ರಕ್ತದ ಕಲ್ಚರ್ ಪರೀಕ್ಷೆ. ಬೇರೆ ಬೇರೆ ಕಡೆಯಿಂದ ಎರಡು ಮೂರು ಸಲ ರಕ್ತ ತೆಗೆದು, ಪೌಷ್ಟಿಕ ದ್ರವವಿರುವ ಸೀಸೆಗಳಿಗೆ ಹಾಕಿ, ದೇಹದ ಶಾಖದಲ್ಲಿಟ್ಟು, ಅದರಲ್ಲಿರುವ ರೋಗಾಣುಗಳನ್ನು ಬೆಳೆಯಿಸಿ ನೋಡುತ್ತಾರೆ. ಹಾಲಿಗೆ ಹೆಪ್ಪು ಹಾಕಿ ಕಾಯುವ ನಮ್ಮವರಿಗೆ ಈ ತತ್ತ್ವ ಹೊಸದಲ್ಲ. ಬೆಳೆದ ರೋಗಾಣುವಿನ ಮೇಲೆ ನಾನಾ ಔಷಧಗಳನ್ನು ಪ್ರಯೋಗಿಸಿ ಯಾವುದಕ್ಕೆ ಅದು ಸಾಯುತ್ತದೆಂಬುದನ್ನೂ ತಿಳಿಯುತ್ತಾರೆ. ಮಹಾಧಮನಿಯ ಸೋಂಕಿನಲ್ಲಿ ಸುಮಾರು ಅರ್ಧದಿಂದ ಮುಕ್ಕಾಲು ಪಾಲು ರೋಗಿಗಳ ರಕ್ತದಲ್ಲಿ ರೋಗಾಣು ಸಿಕ್ಕುತ್ತದೆ. ಮಿಕ್ಕವರಲ್ಲಿ ಸಿಕ್ಕದಿರಲು ಒಂದು ಮುಖ್ಯ ಕಾರಣ, ಪರೀಕ್ಷೆಗೆ ಮೊದಲೇ ಆಂಟಿಬಯಾಟಿಕ್ ನುಂಗಿರುವುದು. ಮೂರು ದಿನದ ಗುಳಿಗೆ ರೋಗಾಣುವನ್ನು ನಿರ್ಮೂಲ ಮಾಡಲಾರದು. ಆದರೆ ಸೀಸೆಯಲ್ಲಿ ಬೆಳೆಯದಂತೆ ಅದನ್ನು ಮಂಕಾಗಿಸಬಲ್ಲದು. ಕಳ್ಳನನ್ನು ಹಿಡಿಯದೆ ಅವನ ಹೆಜ್ಜೆಗುರುತನ್ನು ಮಾತ್ರ ಅಳಿಸಿದಂತಾಯಿತು. ನಾವು ಈ ಲೇಖನದಲ್ಲಿ ಒತ್ತಿ ಹೇಳಬೇಕೆಂದಿರುವ ಮಾತು ಇದೇ: ಬಿಡದ ಜ್ವರದಲ್ಲಿ ರಕ್ತ ಕೊಡುವುದು ಮೊದಲು, ಆಂಟಿಬಯಾಟಿಕ್ ಆಮೇಲೆ. ಈಗಾಗಲೇ ನುಂಗಿದ್ದರೆ ಗುಳಿಗೆಯ ಹೆಸರನ್ನು, ಎಷ್ಟು ದಿನವೆಂಬುದನ್ನು ಮುಚ್ಚಿಡದೆ ಹೇಳಬೇಕು.

1896ರಲ್ಲಿ ಫ್ರಾನ್ಸಿನ ಫೆರ್ನಾಂಡ್ ವಿಡಾಲ್ ಬಳಕೆಗೆ ತಂದ ವಿಡಾಲ್ ಪರೀಕ್ಷೆ ಇಂದಿಗೂ ನಮ್ಮ ನಗರಗಳಲ್ಲಿ ಬಹಳವಾಗಿ ನಡೆಯುತ್ತದೆ. ಒಂದೇ ಸಲದ ವಿಡಾಲ್ ಫಲಿತಾಂಶವನ್ನು ನಂಬಿ ಟೈಫಾಯಿಡ್ ಎಂದು ನಿರ್ಧರಿಸಿ ಕೂಡುವುದು ಸರಿಯಾಗದು. ಕಲ್ಚರಿನ ಸಾಕ್ಷ್ಯ ಅದಕ್ಕಿಂತ ಗಟ್ಟಿಯಾದುದು.

ಎರಡನೆಯ ಕೀಲಿ ಚಿತ್ರ. ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆ ಸುಲಭವಾದುದು, ಖರ್ಚೂ ಕಡಿಮೆ. ದೊಡ್ಡ ಉಬ್ಬಿದ್ದರೆ ತೋರಿಸುತ್ತದೆ. ಆದರೆ ನಿಶ್ಚಯವಾಗಿ ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕು. 1971ರಲ್ಲಿ ಇಂಗ್ಲೆಂಡಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರ ಮೊದಲ ರೋಗಿಯ ಚಿತ್ರ ತೆಗೆದಂದಿನಿಂದ ಈ ವಿದ್ಯೆ ಬೆಳೆದು, ಈಗ ರಕ್ತನಾಳಕ್ಕೆ ಒಂದು ದ್ರವವನ್ನು ಚುಚ್ಚಿ ಕೆಲವೇ ಕ್ಷಣಗಳಲ್ಲಿ ಇಡೀ ಮಹಾಧಮನಿಯ ಚಿತ್ರವನ್ನು ಪಡೆಯಬಹುದಾಗಿದೆ. ಒಂದು ಪಕ್ಕಕ್ಕೆ ಚೀಲದಂತೆ ನಿಂತ, ಅಂಚು ಅಂಕುಡೊಂಕಾದ ಉಬ್ಬು, ಅದರ ಸುತ್ತ ಊತ ಅಥವಾ ದ್ರವ, ಕೆಲವೊಮ್ಮೆ ಗಾಳಿಯ ಗುಳ್ಳೆಗಳು ಕಂಡರೆ ಸೋಂಕೆಂದು ಶಂಕೆ ಬಲವಾಗುತ್ತದೆ. ಕೆಲವು ದಿನಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳಲ್ಲಿ ಉಬ್ಬು ಬೆಳೆದಿದ್ದರೆ ಸಂಶಯ ಬಹುತೇಕ ತೀರುತ್ತದೆ. ಹೃದಯದ ಕವಾಟಗಳನ್ನು ನೋಡಲು ಎಕೋ ಪರೀಕ್ಷೆಯನ್ನೂ ಮಾಡುತ್ತಾರೆ.

ಚಿಕಿತ್ಸೆಯ ಎರಡು ಕೈಗಳು

ಇದರ ಚಿಕಿತ್ಸೆಯಲ್ಲಿ ಔಷಧವೂ ಶಸ್ತ್ರವೂ ಕೂಡಿ ಕೆಲಸ ಮಾಡಬೇಕು. ರೋಗಾಣುವಿಗೆ ತಕ್ಕ ಆಂಟಿಬಯಾಟಿಕ್ಕನ್ನು ಸಾಮಾನ್ಯವಾಗಿ 4ರಿಂದ 6 ವಾರಗಳವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ರಕ್ತನಾಳದ ಮೂಲಕ ಕೊಡುತ್ತಾರೆ. ಅನಂತರ ತಿಂಗಳುಗಟ್ಟಲೆ ಗುಳಿಗೆ, ಕೆಲವರಿಗೆ ಬದುಕಿರುವವರೆಗೂ. ಔಷಧ ಮಾತ್ರದಿಂದ ಉಬ್ಬಿದ ಗೋಡೆ ಮತ್ತೆ ಗಟ್ಟಿಯಾಗುವುದಿಲ್ಲವಾದುದರಿಂದ ಶಸ್ತ್ರಕ್ರಿಯೆ ಸಾಮಾನ್ಯವಾಗಿ ತಪ್ಪದು.

ಮಹಾಧಮನಿಯ ಮೇಲೆ ಕತ್ತಿಯಾಡಿಸುವ ಧೈರ್ಯ ವೈದ್ಯಲೋಕಕ್ಕೆ ಬಂದು ಬಹುಕಾಲವಾಗಿಲ್ಲ. ವಿಜ್ಞಾನಿ ಐನ್‌ಸ್ಟೈನರಿಗೆ ಹೊಟ್ಟೆಯ ಮಹಾಧಮನಿಯಲ್ಲಿ, ಸೋಂಕಿನದಲ್ಲದ, ಉಬ್ಬೊಂದಿತ್ತು. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅದಕ್ಕೆ ಸೆಲೋಫೇನ್ ಹಾಳೆಯನ್ನು ಸುತ್ತಿ ಬಿಗಿಗೊಳಿಸಿದರು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆದಾಗ ಐನ್‌ಸ್ಟೈನರು ಮತ್ತೊಂದು ಶಸ್ತ್ರಕ್ರಿಯೆಗೆ ಒಪ್ಪದೆ ಆ ತಿಂಗಳ 18ರಂದು ತೀರಿಕೊಂಡರು. ಈ ನಡುವೆ, 1951ರಲ್ಲಿ, ಪ್ಯಾರಿಸ್ಸಿನ ಶಾರ್ಲ್ ದ್ಯುಬೋ ಅವರು ಉಬ್ಬಿದ ಭಾಗವನ್ನೇ ಕತ್ತರಿಸಿ ತೆಗೆದು, ಮೃತನೊಬ್ಬನ ಧಮನಿಯನ್ನು ಅಲ್ಲಿ ಜೋಡಿಸಿದ್ದರು. ಅದೇ ದಶಕದಲ್ಲಿ ಅಮೆರಿಕದ ಮೈಕೆಲ್ ಡಿಬೇಕಿ ಅವರು ಡೇಕ್ರಾನ್ ಬಟ್ಟೆಯಿಂದ ಹೊಲಿಗೆ ಯಂತ್ರದಲ್ಲಿ ಕೊಳವೆಯನ್ನು ಹೊಲಿದರು. ಇಂದಿನ ಕೃತಕ ನಾಳಗಳೆಲ್ಲ ಅದರ ಸಂತತಿಯೆನ್ನಬಹುದು.

ಸೋಂಕಿರುವಲ್ಲಿ ಶಸ್ತ್ರವೈದ್ಯರ ಕಷ್ಟ ಇಮ್ಮಡಿ. ಕೊಳೆತ ಭಾಗವನ್ನೆಲ್ಲ ಕೆರೆದು ತೆಗೆಯಬೇಕು. ಹೊಸದಾಗಿ ಇಟ್ಟ ನಾಳಕ್ಕೂ ರೋಗಾಣು ಹತ್ತದಂತೆ ನೋಡಿಕೊಳ್ಳಬೇಕು. ಇದಕ್ಕಾಗಿ ರಿಫಾಂಪಿಸಿನ್ ಔಷಧದಲ್ಲಿ ನೆನೆಸಿದ ಕೊಳವೆಯನ್ನೋ, ದಾನಿಗಳ ಧಮನಿಯನ್ನೋ, ದನದ ಹೃದಯದ ಹೊರಪೊರೆಯಿಂದ ಮಾಡಿದ ಕೊಳವೆಯನ್ನೋ ಬಳಸುತ್ತಾರೆ. ಕೆಲವೊಮ್ಮೆ ಸೋಂಕಿನ ಜಾಗವನ್ನು ಮುಚ್ಚಿಬಿಟ್ಟು, ಕಂಕುಳಿನ ಧಮನಿಯಿಂದ ತೊಡೆಯ ಧಮನಿಗಳಿಗೆ ಚರ್ಮದ ಕೆಳಗೆ ಬೇರೆ ಹಾದಿಯನ್ನೇ ತೆಗೆಯುತ್ತಾರೆ.

ಎದೆ ಹೊಟ್ಟೆಗಳನ್ನು ಸೀಳದೆ ಮಾಡುವ ವಿಧಾನವೂ ಬಂದಿದೆ. 1987ರಲ್ಲಿ ಖಾರ್ಕಿವ್‌ನ ವೊಲೊಡೋಸ್ ಎದೆಯ ಮಹಾಧಮನಿಯಲ್ಲಿ, 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋಡಿ ಹೊಟ್ಟೆಯ ಮಹಾಧಮನಿಯಲ್ಲಿ, ತೊಡೆಯ ಸಂದಿನ ಧಮನಿಯ ಮೂಲಕ ತಂತಿಯ ಚೌಕಟ್ಟಿನ ಕೊಳವೆಯನ್ನು ತೂರಿಸಿ ಒಳಗೇ ಅರಳಿಸಿದರು. ಸೋಂಕಿರುವವರಲ್ಲಿ ಇದನ್ನು ಬಳಸಿದರೆ ಕೊಳೆತ ಗೋಡೆ ಒಳಗೇ ಉಳಿಯುತ್ತದೆಂಬ ಆಕ್ಷೇಪವಿದೆ. ಆದರೂ ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಲಾರದ ಅಶಕ್ತರಿಗೆ ಇದು ಆಸರೆಯಾಗಿದೆ. ಯೂರೋಪಿನ 16 ಕೇಂದ್ರಗಳಲ್ಲಿ ಹೀಗೆ ಚಿಕಿತ್ಸೆ ಪಡೆದ 123 ರೋಗಿಗಳನ್ನು ಕುರಿತು 2014ರಲ್ಲಿ ಪ್ರಕಟವಾದ ವರದಿಯಂತೆ, ತಿಂಗಳ ಕೊನೆಗೆ ನೂರಕ್ಕೆ 91 ಮಂದಿ, ವರ್ಷದ ಕೊನೆಗೆ 75 ಮಂದಿ, ಐದು ವರ್ಷಗಳ ಕೊನೆಗೆ 55 ಮಂದಿ ಬದುಕಿದ್ದರು. ಚಿಕಿತ್ಸೆಯಿಲ್ಲದಿದ್ದರೆ ಬದುಕುವವರು ಇಲ್ಲವೆನ್ನುವಷ್ಟು ವಿರಳವೆಂಬುದನ್ನು ನೆನೆದಾಗ ಈ ಅಂಕೆಗಳ ಬೆಲೆ ತಿಳಿಯುತ್ತದೆ.

ನಮ್ಮ ಕೈಯಲ್ಲಿರುವುದು

ಎಲ್ಲಕ್ಕಿಂತ ಅಗ್ಗವಾದ ಚಿಕಿತ್ಸೆ ಅಡಿಗೆಮನೆಯಲ್ಲಿಯೇ ಇದೆ. ಸಾಲ್ಮೊನೆಲ್ಲಾ 70 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಚೆನ್ನಾಗಿ ಬೆಂದ ಆಹಾರದಲ್ಲಿ ಉಳಿಯದು. 5 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಬೆಳೆಯದು. ಇವೆರಡರ ನಡುವೆ ಗಂಟೆಗಟ್ಟಲೆ ಇಟ್ಟ ಪದಾರ್ಥವೇ ಅದರ ಹೊಲ. ಶಾಕಾಹಾರದ ಹೋಟೆಲುಗಳೂ ನಿಶ್ಚಿಂತೆಯಿಂದಿರುವಂತಿಲ್ಲ. ಬೆಳಗಿನ ಚಟ್ನಿಯನ್ನು ಸಂಜೆಯವರೆಗೆ ಹೊರಗಿಡುವುದು, ಶೌಚದಿಂದ ಬಂದು ಸೋಪು ಹಾಕದೆ ತಟ್ಟೆ ಮುಟ್ಟುವುದು, ಭೇದಿಯಾಗುತ್ತಿರುವ ಹುಡುಗನನ್ನೇ ರುಬ್ಬಲು ಕೂರಿಸುವುದು, ಇವೆಲ್ಲ ಅನರ್ಥಕ್ಕೆ ದಾರಿ. ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯನ್ನೂ ಟೈಫಾಯಿಡ್ ಕುಲದ ರೋಗಗಳಿಗೆ ಲಸಿಕೆಯನ್ನೂ 2011ರ ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ಇದನ್ನು ಕಾಗದದ ಮೇಲಷ್ಟೆ ಪೂರೈಸದೆ ನಿಜವಾಗಿ ಮಾಡಿಸಿದರೆ ಗಿರಾಕಿಗೂ ಹಿತ, ಕೆಲಸಗಾರನಿಗೂ ಹಿತ.

ಬೀಡಿ ಸಿಗರೇಟು ಬಿಡುವುದು, ಸಕ್ಕರೆ ಕಾಯಿಲೆಯನ್ನೂ ರಕ್ತದ ಒತ್ತಡವನ್ನೂ ಹತೋಟಿಯಲ್ಲಿಡುವುದು, ಕಾಲಿನ ಹುಣ್ಣು ಮತ್ತು ಮೈಮೇಲಿನ ಕುರುಗಳನ್ನು ಅಲಕ್ಷಿಸದಿರುವುದು, ಮಳೆಗಾಲದ ಗದ್ದೆಯಲ್ಲಿ ಗಾಯದ ಕಾಲನ್ನು ಕೆಸರಿಗಿಡದಿರುವುದು, ಇವು ಮಿಕ್ಕ ರಕ್ಷೆಗಳು.

ಕೊನೆಯದಾಗಿ, ಒಂಟಿಯಾಗಿ ರೂಮುಗಳಲ್ಲಿ ವಾಸಿಸುವ ನಮ್ಮವರ ಜತೆಗಾರರಲ್ಲಿ ನಮ್ಮದೊಂದು ವಿಜ್ಞಾಪನೆ. ಊರಿನಲ್ಲಿದ್ದರೆ ಜ್ವರ ಹಿಡಿದವನ ಹಣೆ ಮುಟ್ಟಿ ನೋಡಲು ಮನೆಯವರಿರುತ್ತಾರೆ. ಇಲ್ಲಿ ಪಕ್ಕದ ಹಾಸಿಗೆಯವನೇ ಮನೆಯವನು. ಐವತ್ತು ದಾಟಿದ ಒಬ್ಬನಿಗೆ ವಾರ ಕಳೆದರೂ ಜ್ವರ ಬಿಡದಿದ್ದರೆ, ಜತೆಗೆ ಬೆನ್ನೋ ಹೊಟ್ಟೆಯೋ ಎದೆಯೋ ನೋಯುತ್ತಿದ್ದರೆ, ‘ಅಣ್ಣಾ, ನಾಳೆ ನೋಡೋಣ’ ಎನ್ನುವುದಕ್ಕೆ ಅವಕಾಶ ಕೊಡದೆ ದೊಡ್ಡ ಆಸ್ಪತ್ರೆಯ ಹೊರರೋಗಿಗಳ ವಿಭಾಗಕ್ಕೆ ಕರೆದೊಯ್ಯಿರಿ. ಇ.ಎಸ್.ಐ. ಚೀಟಿ, ಹಳೆಯ ಔಷಧದ ಚೀಟಿಗಳು ಕೈಯಲ್ಲಿರಲಿ. ಭಾಷೆ ಬಾರದವನಿಗೆ ನೀವೇ ಬಾಯಾಗಿ, ಜ್ವರ ಎಷ್ಟು ದಿನದ್ದು, ನೋವು ಎಲ್ಲಿ, ಗುಳಿಗೆ ಯಾವುದು ಎಂಬ ಮೂರು ಮಾತುಗಳನ್ನು ಡಾಕ್ಟರಿಗೆ ಹೇಳಿ, ರಕ್ತದ ಕಲ್ಚರ್ ಬೇಕೇ ಎಂದು ವಿನಯದಿಂದ ಕೇಳಿರಿ. ಮಾಲೀಕರು ಆ ಒಂದು ದಿನದ ಸಂಬಳವನ್ನು ಹಿಡಿಯದಿರಲಿ. ಹೆಚ್ಚಿನ ಸಲ ಸಾಮಾನ್ಯ ಜ್ವರವೆಂದೇ ತಿಳಿದು ನೆಮ್ಮದಿಯಿಂದ ಹಿಂದಿರುಗುವಿರಿ. ಅಪೂರ್ವವಾಗಿ ಒಂದು ಸಲ, ಆ ಒಂದು ದಿನದ ರಜೆಯೇ ಒಂದು ಸಂಸಾರದ ಯಜಮಾನನನ್ನು ಉಳಿಸಿಕೊಟ್ಟೀತು.